ಹಿಂದಿನ ಬೆಂಚಿನ ಸದಸ್ಯರ ಪ್ರಶ್ನೆ



ಹಿಂದಿನ ಪಾಠಗಳಲ್ಲಿ ಬೀಜೋಪಚಾರ, ತಿಪ್ಪೆಗುಂಡಿ, ಕಡಲೆಯ ಕಾಯಿಕೊರಕ ಮುಂತಾದ ವಿಷಯಗಳನ್ನು ನೋಡಿದೆವು. ಈ ಸಲದ ಪಾಠವು ಹೊಲದ್ದಲ್ಲ. ಹೊಲದಲ್ಲಿ ಬೆಳೆದ ಮಾಲು ಚೀಲಕ್ಕೆ ಬಿದ್ದು ಪೇಟೆಗೆ ಹೋದ ಮೇಲೆ ಅದರ ಗತಿ ಏನಾಗುತ್ತದೆ, ದುಡಿಯಲಾರದೆ ಮನೆಯಲ್ಲಿ ಕುಳಿತ ಮುದುಕರಿಗೆ ವೇತನ ಏಕೆ ತಡವಾಗುತ್ತದೆ, ಇವುಗಳ ಬಗ್ಗೆ ಸರಕಾರವನ್ನು ಕೇಳುವವರು ಯಾರು, ಎಂಬುದೇ ಈ ಪಾಠದ ವಿಷಯ. ಕೃಷಿ ಡಿಪ್ಲೊಮಾ ಓದಿದವನಿಗೆ ಶಾಸನಸಭೆಯ ಉಸಾಬರಿ ಏಕೆಂದು ತಾವು ಕೇಳಬಹುದು. ಕಾರಣವನ್ನು ಮುಂದೆ ಹೇಳುತ್ತೇನೆ. ಅದು ನನ್ನದೇ ಒಂದು ತಪ್ಪಿನ ಕಥೆಯಾಗಿದೆ.

ಗಬ್ಬೂರ ಕ್ರಾಸಿನಲ್ಲಿ, ಬೈಪಾಸ್ ರಸ್ತೆಯು ಬೆಂಗಳೂರ ರಸ್ತೆಗೆ ಕೂಡುವ ಕಡೆಗೆ, ಚಹಾ ಕುಡಿಯುತ್ತ ಕುಳಿತಾಗ ಹಿರಿಯರೊಬ್ಬರು ನನಗೆ ಅಂದರು: "ತಮ್ಮಾ, ಮಂತ್ರಿ ಆದವರ ಮಾತು ನಡೀತದ. ಹಿಂದಿನ ಬೆಂಚಿನಾಗ ಕುಂತವ್ರು ಏನ ಮಾಡ್ತಾರ? ಕೈ ಎತ್ತೂದು, ಇಳಸೂದು, ಅಷ್ಟ."

"ಹಂಗಲ್ಲ ಕಾಕಾ, ಅವರಿಗೆ ಪ್ರಶ್ನೆ ಕೇಳೂ ಹಕ್ಕ ಐತಿ" ಎಂದೆ.

"ಪ್ರಶ್ನೆ ಕೇಳಿದ್ರ ಹೊಟ್ಟಿ ತುಂಬತೈತೇನು?" ಎಂದು ಅವರು ನಕ್ಕರು. ಆಗ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿರುವದು ಆ ಉತ್ತರವೇ.

ನಮ್ಮ ವಿಧಾನಸಭೆಯಲ್ಲಿ ಚುನಾಯಿತ ಸದಸ್ಯರು 224. ವಿಧಾನ ಪರಿಷತ್ತಿನಲ್ಲಿ 75. ಇವರೊಳಗೆ ಮಂತ್ರಿಗಳಾಗುವವರು ಕೆಲವರು ಮಾತ್ರ. ಉಳಿದವರು ಆಳುವ ಪಕ್ಷದವರಿರಲಿ, ವಿರೋಧ ಪಕ್ಷದವರಿರಲಿ, ಅವರ ಕೈಯಲ್ಲಿ ಕಡತವಿಲ್ಲ, ಖಜಾನೆಯಿಲ್ಲ, ಯಾವ ನೌಕರನಿಗೂ ಅವರು ನೇರವಾಗಿ ಹುಕುಮು ಕೊಡುವಂತಿಲ್ಲ. ಹಿಂದಿನ ಬೆಂಚಿನವರೆಂದು ನಾವು ಅನ್ನುವದು ಇವರನ್ನೇ. ಆದರೆ ಇವರಲ್ಲಿ ಒಬ್ಬರು ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಸಭೆಯ ಸಚಿವಾಲಯಕ್ಕೆ ಕೊಟ್ಟರೆ, ಆ ಹಾಳೆಯು ಇಲಾಖೆಗೆ, ಜಿಲ್ಲೆಗೆ, ತಾಲೂಕಿಗೆ, ಕೊನೆಗೆ ಊರೂರು ತಿರುಗುವ ನನ್ನಂಥವನ ಕೈಗೆ ಬಂದು ಮುಟ್ಟುತ್ತದೆ. ನಾನು ಬರೆದ ಅಂಕಿಯು ಅದೇ ದಾರಿಯಿಂದ ಮೇಲೆ ಏರಿ ಮಂತ್ರಿಗಳ ಬಾಯಿಯಿಂದ ಹೊರಬೀಳುತ್ತದೆ. ಅದು ಅಚ್ಚಾಗಿ ಉಳಿಯುತ್ತದೆ.

ಈ ಹಕ್ಕು ನಮ್ಮ ದೇಶಕ್ಕೆ ಸುಮ್ಮನೆ ಬಂದುದಲ್ಲ. ಕಂಪನಿ ಸರಕಾರ ಹೋಗಿ ರಾಣಿಯ ಸರಕಾರ ಬಂದ ಮೇಲೆಯೂ ಬಹುಕಾಲ ಶಾಸನ ಮಂಡಲದಲ್ಲಿ ಕುಳಿತ ಹಿಂದೀ ಜನರಿಗೆ ಸರಕಾರವನ್ನು ಪ್ರಶ್ನಿಸುವ ಅಧಿಕಾರವಿರಲಿಲ್ಲ. 1892ನೆಯ ಇಸ್ವಿಯ ಕಾಯಿದೆಯಿಂದ ಅದು ಮೊದಲ ಸಲ ದೊರಕಿತು. ಮುಂದಿನ ವರ್ಷ, 1893ರ ಫೆಬ್ರುವರಿ 16ರಂದು, ಔಧ ಪ್ರಾಂತದ ಭಿಂಗಾ ಸಂಸ್ಥಾನದ ರಾಜರು ಮೊದಲನೆಯ ಪ್ರಶ್ನೆಯನ್ನು ಕೇಳಿದರು. ಆ ಪ್ರಶ್ನೆ ಏತರ ಬಗ್ಗೆ ಇತ್ತೆಂದು ತಾವು ಊಹಿಸಿರಿ. ಯುದ್ಧದ ಬಗ್ಗೆ ಅಲ್ಲ, ತೆರಿಗೆಯ ಬಗ್ಗೆಯೂ ಅಲ್ಲ. ಸಾಹೇಬರು ಸರ್ಕೀಟು ಬಂದು ಡೇರೆ ಹಾಕಿದಾಗ ಅವರಿಗೂ ಅವರ ಪರಿವಾರಕ್ಕೂ ದವಸ ಧಾನ್ಯ ಮುಂತಾದವನ್ನು ಹಳ್ಳಿಯ ಅಂಗಡಿಕಾರರು ಒದಗಿಸಬೇಕಾಗುತ್ತಿತ್ತು. ಅದರಿಂದ ಅವರಿಗೆ ಆಗುವ ತ್ರಾಸಿನ ಬಗ್ಗೆ ಆ ಪ್ರಶ್ನೆ ಇತ್ತು. ಹಿಂದುಸ್ತಾನದ ಶಾಸನ ಮಂಡಲದ ಮೊಟ್ಟಮೊದಲ ಪ್ರಶ್ನೆಯು ಹಳ್ಳಿಯ ಕಿರಾಣಿ ಅಂಗಡಿಯವನ ಪ್ರಶ್ನೆಯಾಗಿತ್ತೆಂಬುದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು.

ಆ ಕಾಲದಲ್ಲಿ ಒಂದು ದೊಡ್ಡ ಕೊರತೆ ಇತ್ತು. ಪ್ರಶ್ನೆಗೆ ಉತ್ತರ ಬಂದ ಮೇಲೆ ಅದರ ಮೇಲೆ ಮರುಪ್ರಶ್ನೆ ಹಾಕುವಂತಿರಲಿಲ್ಲ. 1909ರ ಕಾಯಿದೆಯಿಂದ ಪ್ರಶ್ನೆ ಕೇಳಿದವನಿಗೆ ಉಪಪ್ರಶ್ನೆಯ ಹಕ್ಕು ಬಂತು. 1919ರ ಸುಧಾರಣೆಯ ಮೇಲೆ ಉಳಿದ ಸದಸ್ಯರಿಗೂ ಅದು ದೊರಕಿತು. ಮೈಸೂರು ಸಂಸ್ಥಾನದಲ್ಲಿ ಇದಕ್ಕೂ ಮೊದಲೇ, 1881ರಲ್ಲಿ, ದಿವಾನ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದ್ದರು. 144 ಜನ ಪ್ರತಿನಿಧಿಗಳು ಮೈಸೂರಿಗೆ ಬಂದು ತಮ್ಮ ತಮ್ಮ ಸೀಮೆಯ ಕಷ್ಟಗಳನ್ನು ಹೇಳಿಕೊಳ್ಳುತ್ತಿದ್ದರು. ಹೇಳಿಕೊಳ್ಳಬಹುದಿತ್ತು, ಅಷ್ಟೇ, ಗೊತ್ತುವಳಿ ಮಾಡಿ ಸರಕಾರವನ್ನು ಕಟ್ಟಿಹಾಕುವಂತಿರಲಿಲ್ಲ. ನಮ್ಮ ಧಾರವಾಡ ಜಿಲ್ಲೆಯಾದರೋ 1956ರ ನವೆಂಬರ 1ರ ವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಇಲ್ಲಿಯ ಸದಸ್ಯರು ಮುಂಬಯಿಗೆ, ಇಲ್ಲವೆ ಮಳೆಗಾಲದಲ್ಲಿ ಪುಣೆಗೆ ಹೋಗಿ ಪರಭಾಷೆಯಲ್ಲಿ ನಮ್ಮ ಗೋಳನ್ನು ಹೇಳಬೇಕಾಗಿತ್ತು. ಈಗ ಬೆಳಗಾವಿಯ ಸುವರ್ಣ ವಿಧಾನಸೌಧವು ಹುಬ್ಬಳ್ಳಿಯಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. 2012ರಲ್ಲಿ ಅದರ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನ ಅಲ್ಲಿ ನಡೆದಾಗ ಶಾಸಕರಿಂದ ಪಾಸು ಪಡೆದು ಗ್ಯಾಲರಿಯಲ್ಲಿ ಕುಳಿತು ಕೇಳಬಹುದು. ಸವಡಿದ್ದವರು ಒಮ್ಮೆ ಹೋಗಿ ಬರಬೇಕು. ಮುಂಜಾನೆಯ ಪ್ರಶ್ನೋತ್ತರ ವೇಳೆಗೇ ಮುಟ್ಟಿರಿ. ಗದ್ದಲವಿಲ್ಲದ ದಿನವಾದರೆ ಬಹಳ ಕಲಿಯುವದಿದೆ.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕು. ಆ ಮೇಲೆ ಉಪಪ್ರಶ್ನೆಗಳು ಬೀಳುತ್ತವೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಉತ್ತರವು ಬರಹದಲ್ಲಿ ಬರುತ್ತದೆ. ಮೊದಲನೆಯದು ಪತ್ರಿಕೆಯಲ್ಲಿ ಹೆಸರು ತರುತ್ತದೆ. ಆದರೆ ಹಳ್ಳಿಯ ಕೆಲಸಕ್ಕೆ ಎರಡನೆಯದೇ ಹೆಚ್ಚು ಉಪಯೋಗವೆಂದು ನನ್ನ ಅಭಿಪ್ರಾಯ. ಏಕೆಂದರೆ ಬರಹದ ಉತ್ತರದಲ್ಲಿ ಊರುವಾರು, ವರ್ಷವಾರು ಪಟ್ಟಿಯನ್ನು ಕೇಳಬಹುದು. ಮಾತಿನ ಉತ್ತರದಲ್ಲಿ ಅಷ್ಟಕ್ಕೆ ಪುರುಸೊತ್ತಿರುವದಿಲ್ಲ. ದಿಲ್ಲಿಯ ಲೋಕಸಭೆಯಲ್ಲಿಯೂ ಒಂದು ದಿನದ ಪಟ್ಟಿಯಲ್ಲಿ ಚುಕ್ಕೆಯ ಪ್ರಶ್ನೆಗಳು 20 ಮಾತ್ರ. ಚುಕ್ಕೆಯಿಲ್ಲದವು 230ರ ವರೆಗೆ. ಆ 20ರಲ್ಲಿಯೂ ಎಲ್ಲವೂ ಬಾಯಿಮಾತಿನ ವರೆಗೆ ಬರುವದಿಲ್ಲ, ಗಂಟೆ ಮುಗಿದುಹೋಗುತ್ತದೆ.

ಈಗ ವ್ಯಾಪಾರದ ಮಾತಿಗೆ ಬರೋಣ. ಇದು ನಮ್ಮ ಸೀಮೆಗೆ ಹಳೆಯ ಗಾಯ. ಅಮೇರಿಕದಲ್ಲಿ 1861ರಿಂದ 1865ರ ವರೆಗೆ ಅಂತರ್ಯುದ್ಧ ನಡೆದಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಾಲದಾಗಿ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಲೆಯ ಬೆನ್ನಿಗೆ ಬೆರಕೆಯೂ ಬಂತು. ಕೂಡಲೆ 1863ರಲ್ಲಿ ಮುಂಬಯಿ ಸರಕಾರವು ಹತ್ತಿಯ ಮೋಸವನ್ನು ತಡೆಯುವ ಕಾಯಿದೆಯನ್ನು ಮಾಡಿತು. ಗಮನಿಸಿರಿ, ಅದು ಕೊಳ್ಳುವವನನ್ನು ಕಾಯುವ ಕಾಯಿದೆ. ಮಾರುವ ರೈತನ ತಕ್ಕಡಿಯನ್ನು ಕಾಯುವ ಕಾಯಿದೆಗೆ ಮುಂದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. 1927ರಲ್ಲಿ ಮುಂಬಯಿಯ ಹತ್ತಿ ಮಾರುಕಟ್ಟೆ ಕಾಯಿದೆ, 1928ರಲ್ಲಿ ಲಿನ್‌ಲಿತ್‌ಗೋ ಅವರ ಕೃಷಿ ಆಯೋಗದ ವರದಿ, 1939ರಲ್ಲಿ ಮುಂಬಯಿಯ ಕೃಷಿ ಹುಟ್ಟುವಳಿ ಮಾರುಕಟ್ಟೆ ಕಾಯಿದೆ; ಏಕೀಕರಣವಾದ ಮೇಲೆ ಇಡೀ ರಾಜ್ಯಕ್ಕೆ ಒಂದೇ ಎಂಬಂತೆ 1966ರ ಕಾಯಿದೆ. ನಾವು ಇಂದು ಎಪಿಎಂಸಿ ಎನ್ನುವದು ಈ ದಾರಿಯಿಂದ ಬಂದದ್ದು. ಅಮರಗೋಳದ ಪ್ರಾಂಗಣದಲ್ಲಿ ತಾವು ಚೀಲ ಇಳಿಸಿದಾಗ ಲಿಲಾವು ಬಹಿರಂಗವಾಗಿ ಆಗಬೇಕು, ತೂಕ ಸರಿಯಾಗಿ ಆಗಬೇಕು, ಪಟ್ಟಿ ಕೈಗೆ ಬರಬೇಕು ಎಂಬುದೆಲ್ಲ ಈ ಕಾಯಿದೆಗಳ ಫಲವೇ.

ಕಾಯಿದೆಯಂತೆ ಅಡತಿಯವರು ಕಮಿಷನ್ನನ್ನು ಮಾರುವ ರೈತನ ಹಣದಲ್ಲಿ ಮುರಿದುಕೊಳ್ಳುವಂತಿಲ್ಲ. ಅದು ಕೊಳ್ಳುವವನ ಬಾಬು. ಆದರೂ ಪಟ್ಟಿಯಲ್ಲಿ ಬೇರೆ ಬೇರೆ ಹೆಸರಿನಿಂದ ಮುರಿತ ಕಾಣುವದುಂಟು. ಬಿಳಿ ಹಾಳೆಯ ಮೇಲೆ ಬರೆದುಕೊಟ್ಟ ಪಟ್ಟಿಯಂತೂ ಪಟ್ಟಿಯೇ ಅಲ್ಲ. ಇನ್ನು ಸೂಟು. ಚೀಲದ ತೂಕವೆಂದು, ಹಸಿಯೆಂದು, ಕಸವೆಂದು ಕ್ವಿಂಟಲಿಗೆ ಇಷ್ಟು ಕಿಲೋ ಎಂದು ತೆಗೆಯುವದು. ಲೆಕ್ಕ ಹಾಕಿ ನೋಡಿರಿ: ಕ್ವಿಂಟಲಿಗೆ ಎರಡೇ ಕಿಲೋ ಸೂಟು ಹೋದರೂ ಇಪ್ಪತ್ತು ಕ್ವಿಂಟಲ್ ಕಡಲೆ ಒಯ್ದವನು ನಲವತ್ತು ಕಿಲೋ ಕಡಲೆಯನ್ನು ಪುಕ್ಕಟೆ ಕೊಟ್ಟು ಬಂದಂತಾಯಿತು. ಅಷ್ಟನ್ನು ಬೆಳೆಯಲಿಕ್ಕೆ ನಾನು ತಮಗೆ ಬೀಜೋಪಚಾರದ ಪಾಠವನ್ನು ಎಷ್ಟು ಸಲ ಹೇಳಬೇಕು! ಹೊಲದಲ್ಲಿ ಗಳಿಸಿದ್ದನ್ನು ತಕ್ಕಡಿಯಲ್ಲಿ ಕಳಕೊಂಡರೆ ಗೊಬ್ಬರದ ಪಾಠ ಹೇಳಿ ಫಲವಿಲ್ಲವೆಂದು ನನಗೆ ಅನೇಕ ಸಲ ಅನಿಸಿದೆ.

ಅಳತೆಯ ಮಾತು ಶಾಸನಸಭೆಯ ವರೆಗೆ ಹೋದ ದೊಡ್ಡ ಪ್ರಸಂಗವು ನಮ್ಮ ನಾಡಿನಲ್ಲಿಯೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಒಕ್ಕಲುಗಳು ಧಣಿಗಳಿಗೆ ಗೇಣಿಯ ಬತ್ತವನ್ನು ಕೊಳಗದಿಂದ ಅಳೆದು ಕೊಡುತ್ತಿದ್ದರು. ಧಣಿಯ ಕೊಳಗವು ರೂಢಿಯ ಕೊಳಗಕ್ಕಿಂತ ದೊಡ್ಡದೆಂಬುದೇ ಜಗಳದ ಮೂಲ. 1951ರಲ್ಲಿ ಅದು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು, ಸಮಾಜವಾದಿ ಪಕ್ಷವು ಬೆಂಬಲಕ್ಕೆ ನಿಂತಿತು, ಡಾ. ರಾಮ ಮನೋಹರ ಲೋಹಿಯಾ ಅವರು ದೂರದಿಂದ ಬಂದು ಕೈದಾದರು. ಆ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು, ಆಗ ಇನ್ನೂ ಮೂವತ್ತು ತುಂಬದ ತರುಣರು, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ ಹೊಸನಗರ ಸೀಮೆಯಿಂದ ಆರಿಸಿ ಮೈಸೂರು ಶಾಸನಸಭೆಗೆ ಹೋದರು. ಆ ಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿನವರೇ 74. ಸಮಾಜವಾದಿಗಳೆಂದರೆ ಬೆರಳೆಣಿಕೆಯ ಜನ. ಮತಕ್ಕೆ ಹಾಕಿದರೆ ಗೋಪಾಲಗೌಡರು ಒಂದನ್ನೂ ಗೆಲ್ಲುವಂತಿರಲಿಲ್ಲ. ಆದರೂ ಗೇಣಿದಾರರ ಹಕ್ಕು, ಭೂಮಿಯ ಹಂಚಿಕೆ, ಕನ್ನಡದಲ್ಲಿ ಆಡಳಿತ ಎಂಬ ಮಾತುಗಳನ್ನು ಅವರು ಸಭೆಯಲ್ಲಿ ಬಿಡದೆ ಎತ್ತಿದರು. 1957ರಲ್ಲಿ ಸೋತರು. 1962ರಲ್ಲಿ ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಆರಿಸಿ ಬಂದರು. ಮಂತ್ರಿಯಾಗಲಿಲ್ಲ. 1972ರ ಜೂನದಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಊಳುವವನಿಗೆ ಭೂಮಿ ಕೊಡುವ ಭೂಸುಧಾರಣೆಯ ದೊಡ್ಡ ತಿದ್ದುಪಡಿಯು ಜಾರಿಗೆ ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ 1ರಂದು. ಎರಡನ್ನೂ ನೋಡಲು ಅವರಿರಲಿಲ್ಲ. ನಮ್ಮ ಕಾಕಾ ಕೇಳಿದ ಹಾಗೆ, ಅವರು ಕೇಳಿದ್ದರಿಂದ ಅಂದೇ ಯಾರ ಹೊಟ್ಟೆಯೂ ತುಂಬಲಿಲ್ಲ, ನಿಜ. ಆದರೆ ಇಪ್ಪತ್ತು ವರ್ಷ ಸಭೆಯಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತನ್ನು ಯಾರೂ ಹೊಸದೆಂದು ತಳ್ಳಿಹಾಕುವಂತಿರಲಿಲ್ಲ.

ಬೇಗನೆ ಫಲ ಕೊಟ್ಟ ಪ್ರಶ್ನೆಯೂ ಉಂಟು. ಅದು ದಿಲ್ಲಿಯದು. 1956ರಲ್ಲಿ ಜೀವವಿಮಾ ನಿಗಮವು ಸರಕಾರದ್ದಾಯಿತು. ಮರುವರ್ಷವೇ ಅದು ಹರಿದಾಸ ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳ ಶೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ವಿಮೆ ಕಟ್ಟಿದ ಬಡವರ ಹಣ ಅದು. 1957ರ ಸಪ್ಟಂಬರ 4ರಂದು ಲೋಕಸಭೆಯಲ್ಲಿ ಡಾ. ರಾಮ ಸುಭಗ ಸಿಂಗ ಅವರು ಇದರ ಬಗ್ಗೆ ಪ್ರಶ್ನೆ ಕೇಳಿದರು. ಬಂದ ಉತ್ತರದಿಂದ ಸದಸ್ಯರಿಗೆ ಸಮಾಧಾನವಾಗಲಿಲ್ಲ. ಡಿಸೆಂಬರ 16ರಂದು ಫಿರೋಜ ಗಾಂಧಿಯವರು ಇದೇ ಮಾತನ್ನು ಎತ್ತಿ ಒಂದೊಂದೇ ಎಳೆಯನ್ನು ಬಿಡಿಸಿ ಇಟ್ಟರು. ಈ ಇಬ್ಬರೂ ಆಳುವ ಪಕ್ಷದ ಹಿಂದಿನ ಬೆಂಚಿನವರು. ಫಿರೋಜರಂತೂ ಪ್ರಧಾನಮಂತ್ರಿಗಳ ಅಳಿಯ. ನ್ಯಾಯಮೂರ್ತಿ ಚಾಗ್ಲಾ ಅವರ ವಿಚಾರಣೆಯು ಮುಂಬಯಿಯಲ್ಲಿ ಬಹಿರಂಗವಾಗಿ ನಡೆಯಿತು. 1958ರ ಫೆಬ್ರುವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಪ್ರಶ್ನೆ ಬಿದ್ದ ದಿನದಿಂದ ಆರು ತಿಂಗಳೂ ತುಂಬಿರಲಿಲ್ಲ.

ಇನ್ನು ನನ್ನ ತಪ್ಪಿನ ಕಥೆ.

ಕೆಲವು ವರ್ಷಗಳ ಕೆಳಗೆ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಮೊಬೈಲಿಗೆ ಒಂದು ಕಾಗದದ ಫೋಟೋ ಬಂತು. ಮೇಲೆ ಕೆಂಪು ಅಕ್ಷರದಲ್ಲಿ 'ಎಲ್.ಎ.ಕ್ಯೂ., ಅತಿ ಜರೂರು' ಎಂದಿತ್ತು. ಹೀಗೆಂದರೆ ಶಾಸನಸಭೆಯ ಪ್ರಶ್ನೆ. ಕಚೇರಿಗಳಲ್ಲಿ ಈ ಮೂರು ಅಕ್ಷರಕ್ಕೆ ಇರುವ ಭಯ ಬೇರೆ ಯಾವುದಕ್ಕೂ ಇಲ್ಲ. ಒಬ್ಬ ಶಾಸಕರು ಕೇಳಿದ್ದರು: ವೃದ್ಧಾಪ್ಯ ವೇತನ ಮತ್ತು ವಿಧವಾ ವೇತನದ ಅರ್ಜಿಗಳು ಎಷ್ಟು ಬಾಕಿ ಇವೆ? ಊರುವಾರು ಅಂಕಿಯನ್ನು ಸಂಜೆ 5ರೊಳಗೆ ಕಳಿಸಬೇಕೆಂದು ಹುಕುಮು. ಇದು ಕೃಷಿಯ ಕೆಲಸವಲ್ಲ. ಆದರೂ ಊರೂರು ತಿರುಗುವವನು ನಾನಾದ್ದರಿಂದ ಕೆಲವು ಊರುಗಳ ಎಣಿಕೆಯು ನನ್ನ ಪಾಲಿಗೆ ಬಂತು. ನಾನು ಕಚೇರಿಗೆ ಹೋಗಿ ಪುಸ್ತಕವನ್ನು ತೆಗೆದು ನೋಡಿದೆ. ಪುಸ್ತಕದಲ್ಲಿ ಹತ್ತಿದ ಅರ್ಜಿಗಳೆಲ್ಲ ಮಂಜೂರಾಗಿದ್ದವು, ಇಲ್ಲವೆ ತಿರಸ್ಕಾರವಾಗಿದ್ದವು. 'ಬಾಕಿ: ಇಲ್ಲ' ಎಂದು ಬರೆದು ಸಹಿ ಮಾಡಿ ಕಳಿಸಿದೆ. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಚುರುಕಾಗಿ ಕೆಲಸ ಮಾಡಿದೆನೆಂದು ನನಗೆ ಹೆಮ್ಮೆಯೂ ಆಯಿತು.

ಹದಿನೈದು ದಿನಗಳ ಮೇಲೆ ನುಗ್ಗೆಯ ಸಸಿ ನೋಡಲಿಕ್ಕೆ ಒಬ್ಬರ ಹಿತ್ತಲಿಗೆ ಹೋಗಿದ್ದೆ. ಮನೆಯ ಮುದುಕಿ ನನ್ನನ್ನು ತಡೆದು ಕೇಳಿದಳು: "ತಮ್ಮಾ, ನನ್ನ ರೊಕ್ಕ ಯಾವಾಗ ಬರ್ತಾವೋ?"

"ಆಯಿ, ನೀ ಅರ್ಜಿ ಕೊಟ್ಟೀಯೇನು?"

"ಕೊಟ್ಟೇನೋ ಎಪ್ಪಾ. ಹೋದ ಮಳಿಗಾಲದಾಗ ಕೊಟ್ಟೇನಿ. ಚೀಟಿ ಕೊಟ್ಟಾರ ನೋಡು." ಎಲೆಯಡಿಕೆಯ ಸಂಚಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸ್ವೀಕೃತಿ ಚೀಟಿಯನ್ನು ತೆಗೆದು ತೋರಿಸಿದಳು. ಮೊಹರು ಇತ್ತು, ತಾರೀಖು ಇತ್ತು. ನಾನು 'ಇಲ್ಲ' ಎಂದು ಬರೆದ ದಿನಕ್ಕಿಂತ ಐದು ತಿಂಗಳ ಹಿಂದಿನ ತಾರೀಖು.

ಆಮೇಲೆ ಕೇಳುತ್ತ ಹೋದಾಗ ಗೊತ್ತಾಯಿತು. ಬಂದ ಅರ್ಜಿಗಳ ಒಂದು ಕಟ್ಟು ಪುಸ್ತಕದಲ್ಲಿ ಹತ್ತದೆಯೇ ಒಂದು ಕಪಾಟಿನಲ್ಲಿ ಉಳಿದಿತ್ತು. ಪುಸ್ತಕದಲ್ಲಿ ಇಲ್ಲದ್ದು ಬಾಕಿಯಲ್ಲ. ಬಾಕಿಯಲ್ಲದ್ದು ನನ್ನ ಎಣಿಕೆಯಲ್ಲಿ ಬರಲಿಲ್ಲ. ಆ ಊರುಗಳಲ್ಲಿ ನಾನು ಮನೆ ಮನೆಗೆ ತಿರುಗಿ ಚೀಟಿಗಳನ್ನು ನೋಡಿದೆ, ಹದಿನಾಲ್ಕು ಸಿಕ್ಕವು. ಮೇಲಿನವರಿಗೆ ತಿಳಿಸಿದೆ. "ಉತ್ತರ ಹೋಗಿ ಮುಗಿದೈತಿ, ಈಗ ಯಾಕ ಕೆದಕತೀ?" ಎಂದು ಒಬ್ಬರು ಬುದ್ಧಿ ಹೇಳಿದರು. ನಾನು ನೌಕರಿಗೆ ಹೊಸಬ. ಒಂದು ವಾರ ಸುಮ್ಮನಿದ್ದೆ, ಅದನ್ನೂ ಇಲ್ಲಿ ಬರೆದುಬಿಡುತ್ತೇನೆ. ಆ ಮೇಲೆ ಅಂಕಿ ತಪ್ಪಾಗಿದೆಯೆಂದು ಬರಹದಲ್ಲಿಯೇ ಕೊಟ್ಟೆ. ಸಭೆಯಲ್ಲಿ ಕೊಟ್ಟ ಉತ್ತರವು ತಪ್ಪಾಗಿದ್ದರೆ ಮಂತ್ರಿಗಳು ತಿದ್ದುಪಡಿಯ ಹೇಳಿಕೆ ಕೊಡಬೇಕಾಗುತ್ತದೆಂಬ ಪದ್ಧತಿಯು ನನಗೆ ತಿಳಿದದ್ದು ಆಗಲೇ. ನನ್ನ ಕಾಗದವು ಅಲ್ಲಿಯ ವರೆಗೆ ಏರಲಿಲ್ಲ.

ಏರಿದ್ದು ಮುದುಕಿಯ ಚೀಟಿ. ಆಕೆಯ ಮಗನು ಅದರ ನಕಲನ್ನು ತೆಗೆದುಕೊಂಡು ಪ್ರಶ್ನೆ ಕೇಳಿದ ಶಾಸಕರ ಮನೆಗೇ ಹೋದ. ಮುಂದಿನ ಅಧಿವೇಶನದಲ್ಲಿ ಅದೇ ಶಾಸಕರು ಮತ್ತೆ ಪ್ರಶ್ನೆ ಹಾಕಿದರು. ಈ ಸಲ 'ಬಾಕಿ ಎಷ್ಟು' ಎಂದು ಕೇಳಲಿಲ್ಲ. 'ಸ್ವೀಕೃತಿ ಚೀಟಿ ಕೊಟ್ಟ ಅರ್ಜಿಗಳೆಷ್ಟು, ಅವುಗಳಲ್ಲಿ ಪುಸ್ತಕದಲ್ಲಿ ದಾಖಲಾದವು ಎಷ್ಟು, ದಾಖಲಾಗದೆ ಉಳಿದಿದ್ದರೆ ಕಾರಣವೇನು' ಎಂದು ಕೇಳಿದರು. ಈ ಪ್ರಶ್ನೆ ಕಚೇರಿಗೆ ಬಂದ ದಿನವೇ ಕಪಾಟಿನ ಕಟ್ಟು ಬಿಚ್ಚಿತು. ಮೊದಲನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರವು ಸುಳ್ಳಾಗಿಯೂ ಕಾಗದದ ಮೇಲೆ ಸರಿಯಾಗಿತ್ತು. ಎರಡನೆಯದಕ್ಕೆ ಹಾಗೆ ಪಾರಾಗುವ ಸಂದಿ ಇರಲಿಲ್ಲ.

ಆದ್ದರಿಂದ ಶಾಸಕರ ಬಳಿಗೆ ಹೋಗುವವರು ಬರಿ ಗೋಳನ್ನು ಒಯ್ಯಬಾರದು. 'ಪೇಟೆಯಲ್ಲಿ ರೈತರ ಸುಲಿಗೆ ನಡೆದಿದೆ, ಸರಕಾರ ಮಲಗಿದೆಯೇ?' ಎಂಬುದು ಭಾಷಣ. ಅಭಿಪ್ರಾಯ, ಆಪಾದನೆ, ಊಹೆ ತುಂಬಿದ ಪ್ರಶ್ನೆಯನ್ನು ಸಭಾಧ್ಯಕ್ಷರು ಒಪ್ಪುವದಿಲ್ಲ. ನ್ಯಾಯಾಲಯದಲ್ಲಿರುವ ಸಂಗತಿಯನ್ನು ಕೇಳುವಂತಿಲ್ಲ. ಒಪ್ಪಿಕೊಂಡರೂ 'ಇಲ್ಲ, ಮಲಗಿಲ್ಲ' ಎಂಬ ಉತ್ತರವೇ ಬರುತ್ತದೆ. ಹೆಸರುಕಾಳಿನ ಮಾತನ್ನೇ ತೆಗೆದುಕೊಳ್ಳಿರಿ. ಬೆಂಬಲ ಬೆಲೆಯ ಖರೀದಿ ಕೇಂದ್ರವು ತೆರೆಯುವಷ್ಟರಲ್ಲಿ ಸಾಲಗಾರ ರೈತನು ರಾಶಿಯಾದ ವಾರದಲ್ಲಿಯೇ ಮಾರಿ ಮುಗಿಸಿರುತ್ತಾನೆ. ಇದನ್ನು ಹೀಗೆ ಬರೆಯಿರಿ: "(ಅ) ಧಾರವಾಡ ಜಿಲ್ಲೆಯಲ್ಲಿ ಈ ಹಂಗಾಮಿನಲ್ಲಿ ಹೆಸರುಕಾಳಿನ ಖರೀದಿ ಕೇಂದ್ರಗಳು ಎಷ್ಟು, ಪ್ರತಿಯೊಂದು ಯಾವ ತಾರೀಖಿಗೆ ತೆರೆಯಿತು, (ಆ) ಎಪಿಎಂಸಿಗೆ ಹೆಸರಿನ ಆವಕ ಪ್ರಾರಂಭವಾದ ತಾರೀಖು ಯಾವುದು, (ಇ) ಹೆಸರು ನೋಂದಾಯಿಸಿದ ರೈತರೆಷ್ಟು, ಮಾಲು ಕೊಟ್ಟವರೆಷ್ಟು, (ಈ) ಮಾಲು ಕೊಟ್ಟ ಎಷ್ಟು ದಿನಕ್ಕೆ ಹಣ ಜಮೆಯಾಯಿತು?" ಇದರಲ್ಲಿ ಸಿಟ್ಟಿನ ಒಂದು ಶಬ್ದವೂ ಇಲ್ಲ. (ಅ) ಮತ್ತು (ಆ) ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸಾಕು.

ಯಾವ ಸಭೆಯಲ್ಲಿ ಕೇಳಬೇಕೆಂಬುದೂ ಮುಖ್ಯ. ಮಾರುಕಟ್ಟೆ, ಜಾತ್ರೆ, ಕೃಷಿ ಇವು ಸಂವಿಧಾನದ ಪಟ್ಟಿಯಂತೆ ರಾಜ್ಯದ ಬಾಬು. ಎಪಿಎಂಸಿಯ ಪ್ರಶ್ನೆ ವಿಧಾನಸಭೆಯಲ್ಲಿಯೋ ಪರಿಷತ್ತಿನಲ್ಲಿಯೋ ಬರಬೇಕು. ಬೆಂಬಲ ಬೆಲೆಯನ್ನು ಗೊತ್ತುಮಾಡುವದು ಕೇಂದ್ರ ಸರಕಾರ, ಪರದೇಶಕ್ಕೆ ಮಾಲು ಕಳಿಸಲು ಅಪ್ಪಣೆ ಕೊಡುವದೂ ತಡೆಯುವದೂ ಅವರೇ. ಅದನ್ನು ಲೋಕಸಭೆಯ ಸದಸ್ಯರಿಗೆ ಕೊಡಬೇಕು. ಉಳ್ಳಾಗಡ್ಡೆಯ ರಫ್ತು ನಿಂತಾಗ ಎಷ್ಟೋ ಜನರು ಶಾಸಕರ ಮನೆಯ ಮುಂದೆ ನಿಂತಿದ್ದುಂಟು. ಮುದುಕರ ವೇತನದಲ್ಲಿ ಎರಡೂ ಸರಕಾರಗಳ ಹಣ ಕೂಡಿದೆ. ಕೇಂದ್ರದ ಸಾಮಾಜಿಕ ನೆರವಿನ ಕಾರ್ಯಕ್ರಮವು 1995ರ ಆಗಸ್ಟ 15ರಂದು ಪ್ರಾರಂಭವಾಯಿತು. ರಾಜ್ಯದ ಸಂಧ್ಯಾ ಸುರಕ್ಷಾ 2007ರಲ್ಲಿ. ಅರ್ಜಿ ತೀರ್ಮಾನಿಸುವವರು ಇಲ್ಲಿಯ ಅಧಿಕಾರಿಗಳೇ ಆದ್ದರಿಂದ ತಡವಾದದ್ದರ ಪ್ರಶ್ನೆಯು ರಾಜ್ಯದಲ್ಲಿಯೇ ಕೇಳತಕ್ಕದ್ದು. ಅಧಿವೇಶನ ಕೂಡುವ ಸಾಕಷ್ಟು ದಿನ ಮೊದಲೇ ಕೊಡಿರಿ. ಲೋಕಸಭೆಯಲ್ಲಿ ಕನಿಷ್ಠ 15 ಪೂರ್ತಿ ದಿನಗಳ ಮುನ್ಸೂಚನೆ ಬೇಕು. ಮಂತ್ರಿಗಳು 'ಮಾಡುತ್ತೇವೆ' ಎಂದು ಒಪ್ಪಿಕೊಂಡ ಮಾತನ್ನು ಬೆನ್ನುಹತ್ತಲಿಕ್ಕೆ ಸಭೆಯಲ್ಲಿ ಸರಕಾರಿ ಭರವಸೆಗಳ ಸಮಿತಿ ಎಂದು ಬೇರೆಯೇ ಇದೆ, ಇದು ಬಹಳ ಜನರಿಗೆ ತಿಳಿಯದು.

ಮಾಹಿತಿ ಹಕ್ಕಿನ ಅರ್ಜಿ ಹಾಕಿದರಾಗದೇ ಎಂದು ನಮ್ಮ ತರುಣರು ಕೇಳುತ್ತಾರೆ. ಆಗುತ್ತದೆ. 2005ರ ಆ ಕಾಯಿದೆಯಂತೆ 30 ದಿನಗಳಲ್ಲಿ ಉತ್ತರ ಕೊಡಬೇಕು. ನನ್ನ ಸಲಹೆ ಎಂದರೆ ಮೊದಲು ಅದನ್ನೇ ಹಾಕಿರಿ, ಬಂದ ಕಾಗದವನ್ನು ಶಾಸಕರ ಕೈಗೆ ಕೊಡಿರಿ. ಕಾಗದ ಹಿಡಿದ ಸದಸ್ಯನ ಉಪಪ್ರಶ್ನೆಗೂ ಬರಿಗೈಯ ಉಪಪ್ರಶ್ನೆಗೂ ಬಹಳ ಅಂತರ. ಅಡತಿಯ ಪಟ್ಟಿಗಳನ್ನು ಹರಿದು ಬಿಸಾಡಬೇಡಿರಿ. ಒಂದು ಮೊಳೆಗೆ ಚುಚ್ಚಿ ಇಡಿರಿ. ಮನೆಯಲ್ಲಿ ಲೈಟಿನ ಬಿಲ್ಲು ಚುಚ್ಚುವ ಮೊಳೆ ಇದ್ದೇ ಇರುತ್ತದೆ.

ಮುದುಕಿಯ ವೇತನ ಪ್ರಾರಂಭವಾಯಿತು. ಹದಿನಾಲ್ಕರಲ್ಲಿ ಹನ್ನೊಂದು ಜನರಿಗೆ ಬಂತು. ಇಬ್ಬರ ವಯಸ್ಸಿನ ದಾಖಲೆ ತಾಳೆಯಾಗಲಿಲ್ಲ. ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಮೊದಲ ಹಣ ಜಮೆಯಾದ ಮೇಲೆ ಆಕೆ ನನ್ನನ್ನು ಕಂಡು, "ತಮ್ಮಾ, ಕಪಾಟಿನಾಗ ಕುಂತಿದ್ದ ತಿಂಗಳದ್ದು?" ಎಂದಳು. ವೇತನವು ಮಂಜೂರಿಯ ಹುಕುಮಿನಿಂದ ಮುಂದಕ್ಕೆ ಬರುತ್ತದೆ ಎಂದು ಹೇಳಿದೆ. ಆಕೆಗೆ ಅದು ಒಪ್ಪಿಗೆಯಾಗಲಿಲ್ಲ. "ತಪ್ಪು ಅವರದು, ತಿಂಗಳ ನನ್ನವು ಹೋಗಬೇಕೇನು?" ಎಂದಳು. ಮಗನು ಆ ಮಾತನ್ನು (ಅ), (ಆ) ಎಂದು ಎರಡು ಭಾಗ ಮಾಡಿ, ತಾರೀಖುಗಳೊಂದಿಗೆ ಹಾಳೆಯ ಮೇಲೆ ಬರೆದುಕೊಂಡು ಮತ್ತೆ ಶಾಸಕರ ಮನೆಗೆ ಹೋಗಿ ಬಂದಿದ್ದಾನೆ.